ಹಿಡಿದುಕೊಂಡ ಕ್ಲಚ್, ಗುರುತು ಹೇಳಿದ ಎಂಜಿನ್

ಮಳೆಗಾಲ ಮುಗಿದು ಅಡಿಕೆ ಕೊಯ್ಲಿಗೆ ಇನ್ನೂ ಹದಿನೈದು ದಿನ ಇರುವಾಗ ತೀರ್ಥಹಳ್ಳಿ ಕಡೆಯ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಅಂಬಾಸಿಡರ್ ನಿಂತಿತ್ತು. ಅದು ಹೊರಗೆ ಬಂದು ಮೂರು ಮಳೆಗಾಲ ಕಳೆದಿತ್ತು. ಬ್ಯಾಟರಿ ಚಾರ್ಜ್ ಮಾಡಿಸಿ, ಹೊಸ ಪೆಟ್ರೋಲ್ ಹಾಕಿ ಸೆಲ್ಫ್ ಹೊಡೆದೆವು. ನಾಲ್ಕನೇ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಸದ್ದು ಕೇಳಿ ಚಿಕ್ಕಮ್ಮ ಅಡುಗೆಮನೆಯಿಂದ ಓಡಿಬಂದರು. ಆದರೆ ಗೇರ್ ಬೀಳಲಿಲ್ಲ. ಪೆಡಲ್ಲನ್ನು ನೆಲಮುಟ್ಟ ಒತ್ತಿದರೂ ಸ್ಟೇರಿಂಗ್ ಪಕ್ಕದ ಲಿವರ್ ಕರಕರ ಹಲ್ಲು ಕಡಿಯಿತೇ ಹೊರತು ಒಳಗೆ ಹೋಗಲಿಲ್ಲ.

“ಗೇರ್ ಬಾಕ್ಸ್ ಹೋಯ್ತು ಕಾಣ್ತದೆ ಮಾರಾಯ” ಎಂದರು ಚಿಕ್ಕಪ್ಪ.

ಗೇರ್ ಬಾಕ್ಸಿಗೆ ಏನೂ ಆಗಿರಲಿಲ್ಲ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿತ್ತು. ಹಲಸಿನ ಹಪ್ಪಳ ಒತ್ತುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ಮಣೆಗಳ ನಡುವೆ ಹಿಟ್ಟಿನ ಉಂಡೆ ಇಟ್ಟು ಒತ್ತುತ್ತೇವೆ. ಎಣ್ಣೆ ಸವರುವುದು ಮರೆತರೆ ಮೇಲಿನ ಮಣೆ ಎತ್ತಿದರೂ ಹಪ್ಪಳ ಕೆಳಗಿನ ಮಣೆಗೇ ಹಿಡಿದುಕೊಂಡಿರುತ್ತದೆ. ಇಲ್ಲಿ ಒಂದು ಮಣೆ ಎಂಜಿನ್ನಿನ ಫ್ಲೈವೀಲು, ಇನ್ನೊಂದು ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಶರ್ ಪ್ಲೇಟು, ನಡುವಿನ ಹಪ್ಪಳ ಕ್ಲಚ್ ಪ್ಲೇಟು. ಮಣೆಗಳೆರಡೂ ಬೀಡು ಕಬ್ಬಿಣದವು. ಪ್ಲೇಟಿನ ಎರಡೂ ಮೈಗೆ ಹೊದಿಸಿದ ಲೈನಿಂಗ್ ಗಾಳಿಯ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಗಾಡಿ ನಿಂತಿರುವಾಗ ಪ್ಲೇಟು ಹಗಲೂ ರಾತ್ರಿ ಒತ್ತಿಕೊಂಡೇ ಇರುತ್ತದಲ್ಲ, ಆ ತೇವಕ್ಕೆ ಕಬ್ಬಿಣದಲ್ಲಿ ಎದ್ದ ತುಕ್ಕು ಲೈನಿಂಗಿನ ಸಣ್ಣ ಸಣ್ಣ ರಂಧ್ರಗಳೊಳಗೆ ಬೇರು ಬಿಡುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಮೂರು ಮಳೆಗಾಲವೆಂದರೆ ಅದಕ್ಕೆ ಬೇಕಾದಷ್ಟಾಯಿತು.

ಪೇಟೆಯಿಂದ ಮೇಸ್ತ್ರಿಯನ್ನು ಕರೆಸಿದೆವು. ಅವರು ಚೀಲದಿಂದ ಒಂದು ಸ್ಪ್ಯಾನರನ್ನೂ ತೆಗೆಯಲಿಲ್ಲ. ಎಂಜಿನ್ ಆರಿಸಿ, ಲಿವರನ್ನು ಟಾಪ್ ಗೇರಿಗೆ ಹಾಕಿ, ನನಗೆ ಕ್ಲಚ್ ಒತ್ತಿ ಹಿಡಿಯಲು ಹೇಳಿ, ಆಳುಗಳಿಂದ ಗಾಡಿ ತಳ್ಳಿಸಿದರು. ತಾವು ಬಾನೆಟ್ಟಿನ ಪಕ್ಕ ನಿಂತು ಫ್ಯಾನನ್ನೇ ನೋಡುತ್ತಿದ್ದರು. ಗಾಡಿ ಕಷ್ಟಪಟ್ಟು ಅರ್ಧ ಮಾರು ಸರಿಯಿತು, ಅದರ ಜೊತೆಗೆ ಫ್ಯಾನೂ ತಿರುಗಿತು. ಕ್ಲಚ್ ಬಿಟ್ಟುಕೊಂಡಿದ್ದರೆ ಚಕ್ರ ಉರುಳಬೇಕು, ಫ್ಯಾನು ಸುಮ್ಮನಿರಬೇಕು. ಆಮೇಲೆ ಅಡಿಯಲ್ಲಿ ಮಲಗಿ, ಪೆಡಲ್ ಒತ್ತಿದಾಗ ಗೇರ್ ಬಾಕ್ಸಿನ ಪಕ್ಕದ ಫೋರ್ಕು ಪೂರ್ತಿ ಚಲಿಸುತ್ತದೆಯೇ ಎಂದು ನೋಡಿದರು. ಫೋರ್ಕು ಚಲಿಸದಿದ್ದರೆ ದೋಷ ಪೆಡಲಿನ ಕಡೆಯದು: ಎಣ್ಣೆಯ ಒತ್ತಡದ ಕ್ಲಚ್ಚಾದರೆ ಸಿಲಿಂಡರಿನ ವಾಷರ್ ಹೋಗಿರುತ್ತದೆ, ತಂತಿಯದಾದರೆ ತಂತಿ ಸಡಿಲವಾಗಿರುತ್ತದೆ. ಇಲ್ಲಿ ಫೋರ್ಕು ಸರಿಯಾಗಿಯೇ ಚಲಿಸುತ್ತಿತ್ತು. ಐದು ನಿಮಿಷದ ಈ ಪರೀಕ್ಷೆ ಮಾಡದೆ ಗೇರ್ ಬಾಕ್ಸ್ ಇಳಿಸಿದವರನ್ನು ನಾನು ಕಂಡಿದ್ದೇನೆ. ಎರಡು ದಿನದ ದುಡಿಮೆ, ಸಾವಿರಾರು ರೂಪಾಯಿ ಮಣ್ಣುಪಾಲು.

ಮೇಸ್ತ್ರಿ ಒಂದು ಅಡಿಕೆ ದಬ್ಬೆ ಕೇಳಿದರು. ಅದನ್ನು ಅಳತೆಗೆ ಕತ್ತರಿಸಿ, ಒತ್ತಿದ ಪೆಡಲಿಗೂ ಮುಂದಿನ ಸೀಟಿನ ಕೆಳಗಿನ ಚೌಕಟ್ಟಿಗೂ ನಡುವೆ ಆನಿಸಿ ರಾತ್ರಿಯಿಡೀ ಬಿಟ್ಟರು. ಪ್ರೆಶರ್ ಪ್ಲೇಟು ಹಿಂದೆ ಸರಿದಿರುವುದರಿಂದ ಪ್ಲೇಟನ್ನು ಹಿಡಿದಿರುವುದು ತುಕ್ಕು ಮಾತ್ರ. ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ಲೋಹ ಹಿಗ್ಗಿ ಕುಗ್ಗುವಾಗ ಕೆಲವು ಸಲ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ನಮ್ಮದು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಮೊದಲು ಮುಟ್ಟಿದ್ದು ಬ್ರೇಕನ್ನು. ಮೂರು ವರ್ಷ ನಿಂತ ಗಾಡಿಯ ಬ್ರೇಕು ನಂಬುವಂಥದ್ದಲ್ಲ. ಅದು ಹಿಡಿಯುತ್ತದೆಂದು ಖಾತ್ರಿಯಾಗದೆ ಮುಂದಿನ ಹೆಜ್ಜೆ ಇಡಲೇಬಾರದು. ಆಮೇಲೆ ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ ಚೆನ್ನಾಗಿ ಬಿಸಿ ಮಾಡಿ ಆರಿಸಿದರು. ಗಾಡಿಯನ್ನು ಗದ್ದೆ ಬದಿಯ ನೇರ ರಸ್ತೆಗೆ ತಳ್ಳಿಸಿ, ಮುಂದೆ ಒಂದು ನಾಯಿಯೂ ಇಲ್ಲದಂತೆ ನೋಡಿಕೊಂಡರು. ಎರಡನೇ ಗೇರು, ಪೆಡಲ್ ಪೂರ್ತಿ ಕೆಳಗೆ, ಸೆಲ್ಫು. ಗಾಡಿ ಮುಗ್ಗರಿಸಿ ಹೊರಟಿತು. ಕ್ಲಚ್ಚಿನಿಂದ ಕಾಲು ತೆಗೆಯದೆಯೇ ಆಕ್ಸಿಲರೇಟರ್ ಒತ್ತುವುದು, ತಟ್ಟನೆ ಬಿಡುವುದು, ಮತ್ತೆ ಒತ್ತುವುದು. ಒಮ್ಮೆ ಎಂಜಿನ್ ಚಕ್ರವನ್ನು ಎಳೆಯುತ್ತದೆ, ಮರುಕ್ಷಣ ಚಕ್ರ ಎಂಜಿನ್ನನ್ನು ಎಳೆಯುತ್ತದೆ. ಈ ಎಳೆದಾಟವೆಲ್ಲ ಬೀಳುವುದು ಆ ತುಕ್ಕಿನ ಮೇಲೆ. ಆರನೆಯದೋ ಏಳನೆಯದೋ ಸಲಕ್ಕೆ ಕೆಳಗಿನಿಂದ ‘ಟಪ್’ ಎಂದಿತು. ಎಂಜಿನ್ ಒಮ್ಮೆಲೇ ಹಗುರಾಗಿ ಕೂಗಿತು, ಗಾಡಿ ತನ್ನ ಪಾಡಿಗೆ ಉರುಳಿತು. ಚಿಕ್ಕಪ್ಪ ಗದ್ದೆಯ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು.

ಹಿಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಗಾಳಿಯಲ್ಲೇ ತಿರುಗಿಸಿ, ಕ್ಲಚ್ ಒತ್ತಿ ಬ್ರೇಕ್ ಹೊಡೆಯುವ ಇನ್ನೊಂದು ಕ್ರಮವಿದೆ. ಜಾಕ್ ಜಾರಿದರೆ ತಿರುಗುತ್ತಿರುವ ಚಕ್ರ ನೆಲಕ್ಕೆ ಬಿದ್ದು ಗಾಡಿ ಬಾಣದಂತೆ ನುಗ್ಗುತ್ತದೆ. ಗಟ್ಟಿ ಸ್ಟ್ಯಾಂಡು, ಮುಂದಿನ ಚಕ್ರಕ್ಕೆ ಅಡ್ಡಗಲ್ಲು ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ತುಕ್ಕು ಬಿಡಿಸುವ ಎಣ್ಣೆಯನ್ನೋ ಡೀಸೆಲನ್ನೋ ಒಳಗೆ ಸುರಿಯಲು ಹೇಳುವವರೂ ಇದ್ದಾರೆ. ಪ್ಲೇಟು ಬಿಟ್ಟುಕೊಂಡೀತು, ಆದರೆ ಎಣ್ಣೆ ಕುಡಿದ ಲೈನಿಂಗು ಮತ್ತೆ ಹಿಡಿಯದೆ ಚಡಾವಿನಲ್ಲಿ ಜಾರುತ್ತದೆ. ಕೊನೆಗೆ ಗೇರ್ ಬಾಕ್ಸ್ ಇಳಿಸಲೇಬೇಕು. ಹಾಗೆ ಇಳಿಸಿದಾಗ ಒಳಗಿನ ಕರಿ ಪುಡಿಗೆ ಗಾಳಿ ಹೊಡೆಯಬಾರದು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರುವುದಿಲ್ಲ. ಅಭ್ಯಾಸವಿಲ್ಲವೆಂದು ನಮ್ಮ ಗ್ಯಾರೇಜಿನ ಹುಡುಗರು ಮೂಗಿಗೆ ಬಟ್ಟೆಯನ್ನೂ ಕಟ್ಟದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಕ್ಲಚ್ ಬಿಟ್ಟಿತು, ಆದರೆ ಚಡಾವಿನಲ್ಲಿ ಗಾಡಿಗೆ ಉಸಿರು ಸಾಲುತ್ತಿರಲಿಲ್ಲ. ಎರಡನೇ ಸಿಲಿಂಡರಿನಲ್ಲಿ ಕಂಪ್ರೆಷನ್ ಇಲ್ಲವೆಂದು ಮೇಸ್ತ್ರಿ ಹೇಳಿದರು. ಹೆಡ್ ಬಿಚ್ಚಬೇಕು, ಗ್ಯಾಸ್ಕೆಟ್ ತರಬೇಕು. ಗ್ಯಾಸ್ಕೆಟ್ಟಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ಯಾವ ಗಾಡಿ ಎಂದು ಕೇಳಲಿಲ್ಲ, “ಯಾವ ಎಂಜಿನ್?” ಎಂದರು.

ಆ ಪ್ರಶ್ನೆಯಲ್ಲಿ ಅರ್ಥವಿದೆ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಹೊರಗಿನಿಂದ ಹೆಚ್ಚು ಬದಲಾಗಲಿಲ್ಲ, ಒಳಗೆ ಬದಲಾಯಿತು. ಮೊದಲ ಗಾಡಿಗಳಲ್ಲಿದ್ದುದು 1476 ಸಿಸಿಯ ಸೈಡ್ ವಾಲ್ವ್ ಎಂಜಿನ್. ಅದರ ಹೆಡ್ಡು ಚಪ್ಪಟೆ, ಮೇಲೆ ತಗಡಿನ ರಾಕರ್ ಕವರ್ ಇರುವುದಿಲ್ಲ. ನಂತರ ಬಂದದ್ದು ಬ್ರಿಟನ್ನಿನ ಬಿಎಂಸಿಯ ಬಿ ಸೀರೀಸ್, 1489 ಸಿಸಿ. ಚಾಲಕನ ಸೀಟಿನಿಂದ ನೋಡಿದರೆ ಇದರ ಪ್ಲಗ್ಗು, ಡಿಸ್ಟ್ರಿಬ್ಯೂಟರು ಬಲಕ್ಕೆ, ಕಾರ್ಬುರೇಟರು ಎಡಕ್ಕೆ. ಆಮೇಲೆ ಡೀಸೆಲ್ ಬಂತು, 1990ರ ದಶಕದಲ್ಲಿ ಇಸುಜು ಎಂಜಿನ್ ಬಂತು. ಟ್ಯಾಕ್ಸಿಯವರು ಪೆಟ್ರೋಲ್ ಎಂಜಿನ್ ಇಳಿಸಿ ಮೆಟಡಾರಿನ ಡೀಸೆಲ್ ಎಂಜಿನ್ ಕೂರಿಸಿದ್ದೂ ಉಂಟು. ಹೀಗಾಗಿ ಆರ್‌ಸಿ ಪುಸ್ತಕ ನೋಡಿ ಸಾಮಾನು ತಂದವರು ಎಷ್ಟೋ ಸಲ ಬರಿಗೈಯಲ್ಲಿ ಕೂತಿದ್ದಾರೆ.

ಎಂಜಿನ್ನಿನ ಮೈಮೇಲೆ ಮೂರು ಬಗೆಯ ಸಂಖ್ಯೆಗಳಿರುತ್ತವೆ. ಎರಕದಲ್ಲೇ ಉಬ್ಬಿ ಬಂದದ್ದು ಅಚ್ಚಿನ ಸಂಖ್ಯೆ. ಒಂದೇ ಅಚ್ಚಿನಿಂದ ಬಂದ ಬ್ಲಾಕನ್ನು ಬೇರೆ ಬೇರೆಯಾಗಿ ಕೊರೆದು ಬೇರೆ ಗಾಡಿಗೂ ಕೂರಿಸಬಹುದಾದ್ದರಿಂದ ಅದೊಂದನ್ನೇ ನಂಬಿ ಕೊಳ್ಳಬಾರದು. ತಟ್ಟಿ ಕೂರಿಸಿದ್ದು ಅಥವಾ ಪಟ್ಟಿಯಲ್ಲಿ ಕೆತ್ತಿದ್ದು ಎಂಜಿನ್ ನಂಬರು, ಪುಸ್ತಕದಲ್ಲಿರುವುದು ಇದೇ. ಮೂರನೆಯದು ಬಿಡಿಭಾಗದ ಸಂಖ್ಯೆ. ಇಂಗ್ಲೆಂಡಿನ ಲ್ಯೂಕಾಸ್ ಡಿಸ್ಟ್ರಿಬ್ಯೂಟರ್ ಮೇಲೆ ಅದರ ಜೊತೆಗೆ ತಯಾರಾದ ವಾರ, ವರ್ಷವನ್ನೂ ಒತ್ತಿರುತ್ತಾರೆ. ‘23 67’ ಎಂದಿದ್ದರೆ 1967ರ 23ನೇ ವಾರ. 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್ ಟಿವಿಎಸ್ ಶುರುವಾದ ಮೇಲೆ ನಮ್ಮ ಗಾಡಿಗಳಿಗೆ ಆ ಹೆಸರು ಬಂತು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೈಕೋ ಎಂದಿದ್ದರೆ ಅದು ನಮ್ಮ ಬೆಂಗಳೂರಿನದೇ, 1951ರಲ್ಲಿ ಆರಂಭವಾದ ಕಂಪನಿಯದು.

ಬೋಲ್ಟುಗಳೂ ಮಾತಾಡುತ್ತವೆ. 1089 ಸಿಸಿಯ ಪದ್ಮಿನಿ ಫಿಯೆಟ್ ಮೂಲದ್ದು, ಮಿಲಿಮೀಟರ್ ಸ್ಪ್ಯಾನರ್ ಬೇಕು. ಬಿ ಸೀರೀಸ್ ಇಂಚಿನದು. ಹಳೆಯ ಎಂ.ಜಿ. ಟಿಸಿ, ಟಿಡಿ ಕಾರುಗಳ 1250 ಸಿಸಿ ಎಂಜಿನ್ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಬೋಲ್ಟಿನ ತಲೆ ಬ್ರಿಟನ್ನಿನ ವಿಟ್‌ವರ್ತ್ ಅಳತೆಯದು, ಮರೆ ಮಾತ್ರ ಮಿಲಿಮೀಟರಿನದು. ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯ ಕಾವೆಂಟ್ರಿ ಕಾರ್ಖಾನೆಯನ್ನು ಈ ಎಂಜಿನ್ ತಯಾರಿಸಿದ ಮಾರಿಸ್ ಕಂಪನಿ 1923ರಲ್ಲಿ ಕೊಂಡಾಗ, ಅಲ್ಲಿನ ಯಂತ್ರಗಳ ಜೊತೆಗೆ ಫ್ರೆಂಚ್ ಮರೆಯೂ ಬಂತು. ಸ್ಪ್ಯಾನರ್ ಸರಿಯಾಗಿ ಕೂತಿತೆಂದು ಇಂಚಿನ ಬೋಲ್ಟು ತಿರುಗಿಸಿದರೆ ಬ್ಲಾಕಿನ ಮರೆಯೇ ಕೆಟ್ಟುಹೋಗುತ್ತದೆ.

ನಮ್ಮದು ಬಿ ಸೀರೀಸ್. ಅದರ ಗ್ಯಾಸ್ಕೆಟ್ ಹಿಡಿದು ಊರಿಗೆ ಮರಳಿದೆ. ಮೇಸ್ತ್ರಿ ಹೆಡ್ ಎತ್ತಿದರು. ಎರಡನೇ ಸಿಲಿಂಡರಿನ ವಾಲ್ವೊಂದು ಸುಟ್ಟಿತ್ತು. “ಈ ಎಂಜಿನ್ ಬಿಚ್ಚಿದ್ದೇ ಇಲ್ಲ, ಅಪ್ಪಯ್ಯ ತಂದ ಹಾಗೇ ಉಂಟು” ಎಂದು ಚಿಕ್ಕಪ್ಪ ಹಿಂದಿನ ದಿನವೂ ಹೇಳಿದ್ದರು. ಮೇಸ್ತ್ರಿ ಪಿಸ್ಟನ್ ತಲೆಯ ಮೇಲಿನ ಮಸಿಯನ್ನು ಮರದ ಚಕ್ಕೆಯಿಂದ ಕೆರೆದು, ಬಟ್ಟೆಯಿಂದ ಒರೆಸಿದರು. ಸಣ್ಣ ಅಕ್ಷರದಲ್ಲಿ ‘040’ ಕಾಣಿಸಿತು. ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ 40 ಪಾಲು ದೊಡ್ಡ ಪಿಸ್ಟನ್, ಹೊಸದಾಗಿದ್ದಾಗ 73.025 ಮಿ.ಮೀ. ಇದ್ದ ಸಿಲಿಂಡರು ಈಗ 74 ದಾಟಿದೆ.

“ಬೋರಿಂಗ್ ಆಗಿದೆ ಅಯ್ಯ. ಇನ್ನು ಮಾಡ್ಸೋದಾದ್ರೆ ಸ್ಲೀವೇ” ಎಂದರು ಮೇಸ್ತ್ರಿ.

ಚಿಕ್ಕಪ್ಪ ಬಗ್ಗಿ ಆ ಸಂಖ್ಯೆಯನ್ನು ಬಹಳ ಹೊತ್ತು ನೋಡಿದರು. “ನಾನು ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುವಾಗ ಅಪ್ಪಯ್ಯ ಒಂದು ತಿಂಗಳು ಬಸ್ಸಲ್ಲಿ ಓಡಾಡ್ತಿದ್ದ. ಗಾಡಿ ಎಲ್ಲಿ ಅಂದ್ರೆ ಪೇಂಟಿಂಗಿಗೆ ಬಿಟ್ಟಿದೀನಿ ಅಂದಿದ್ದ” ಎಂದರು.