ಹಳೆಯ ಜೀಪಿನ ಆಯಿಲ್ ಕೂಲರ್: ತೊಳೆಯುವುದೋ, ಬದಲಿಸುವುದೋ?

ವೇಣೂರು ಸೀಮೆಯ ಅಡಿಕೆ ತೋಟಗಾರರಿಗೆ ಮೇ ತಿಂಗಳ ಕಡೆಯ ವಾರಗಳಷ್ಟು ಅವಸರದ ಕಾಲವು ಬೇರೊಂದಿಲ್ಲ. ಮುಂಗಾರು ಹಿಡಿಯುವುದಕ್ಕೆ ಮುಂಚೆಯೇ ಕೊಳೆರೋಗದ ನಿವಾರಣೆಗಾಗಿ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸತಕ್ಕದ್ದು. ಮೈಲುತುತ್ತು, ಸುಣ್ಣ, ಪಂಪು, ಮರ ಹತ್ತುವ ಆಳುಗಳು, ಇವೆಲ್ಲವನ್ನೂ ಫಲ್ಗುಣಿ ನದಿಯ ದಡದ ಮತ್ತು ಗುಡ್ಡದ ಮಗ್ಗುಲಿನ ತೋಟಗಳಿಗೆ ಮುಟ್ಟಿಸುವುದು ಅನೇಕರಲ್ಲಿ ಹಳೆಯ ಜೀಪೇ. ಅಂತಹ ಸಮಯದಲ್ಲಿ ಅದು ಕೆಟ್ಟು ನಿಂತರೆ ನಷ್ಟವು ರಿಪೇರಿಯ ವೆಚ್ಚದಲ್ಲಿಯೇ ಮುಗಿಯುವುದಿಲ್ಲ. ಸಿಂಪರಣೆಯು ತಡವಾಗಿ, ಎಳೆಯ ಕಾಯಿಗಳು ಉದುರಿ, ವರ್ಷದ ಫಸಲಿಗೇ ಧಕ್ಕೆಯುಂಟಾಗುವುದು.

ಇತ್ತೀಚೆಗೆ ಈ ಭಾಗದ ಗೃಹಸ್ಥರೊಬ್ಬರಲ್ಲಿ ಇಂತಹ ಪ್ರಸಂಗವೊಂದನ್ನು ಕಂಡೆನು. ಅವರ ಜೀಪಿನ ಇಂಜಿನಿನ ಬೇರಿಂಗುಗಳು ಸವೆದುಹೋಗಿ, ಬಹಳ ಹಣ ವೆಚ್ಚಮಾಡಿ ಹೊಸವನ್ನು ಕೂರಿಸಿದ್ದರು. ಸ್ವಲ್ಪ ಕಾಲದಲ್ಲಿಯೇ ಅವೂ ಕೆಟ್ಟುವು. ವಿಚಾರಿಸಲಾಗಿ, ಇಂಜಿನನ್ನು ಪೂರ್ಣವಾಗಿ ಬಿಚ್ಚಿದ್ದರೂ ಆಯಿಲ್ ಕೂಲರನ್ನು ಯಾರೂ ಮುಟ್ಟಿರಲಿಲ್ಲವೆಂದು ತಿಳಿಯಿತು. ಹಿಂದಿನ ಬೇರಿಂಗಿನ ಲೋಹದ ಚೂರುಗಳು ಅದರೊಳಗೆ ನಿಂತಿದ್ದು, ಹೊಸ ಎಣ್ಣೆಯೊಡನೆ ಹೊರಟು ಹೊಸ ಬೇರಿಂಗುಗಳನ್ನು ಸೇರಿದ್ದುವು. ಈ ಲೇಖನಕ್ಕೆ ಆ ಪ್ರಸಂಗವೇ ಕಾರಣ.

ಇಂಜಿನಿನ ಎಣ್ಣೆಯು ತಿರುಗುವ ಭಾಗಗಳನ್ನು ನುಣುಪಾಗಿಡುವುದಲ್ಲದೆ ಅವುಗಳ ಶಾಖವನ್ನೂ ಹೊತ್ತು ತರುತ್ತದೆ. ಎಣ್ಣೆಯು ಸಾಧಾರಣವಾಗಿ 90ರಿಂದ 110 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಚೆನ್ನಾಗಿ ಕೆಲಸಮಾಡುವುದು. 130 ಡಿಗ್ರಿಯನ್ನು ಮೀರಿ ಬಹಳ ಹೊತ್ತು ಕಾದರೆ ತೆಳುವಾಗಿ, ಬೇಗನೆ ಕೆಡುವುದು. ಚಾರ್ಮಾಡಿ ಘಾಟಿಯನ್ನು ಹೊರೆಯೊಡನೆ ಕೆಳಗಿನ ಗೇರಿನಲ್ಲಿ ಏರುವಾಗ ಇಂಜಿನಿಗೆ ದುಡಿಮೆ ಹೆಚ್ಚು, ಎದುರುಗಾಳಿ ಕಡಿಮೆ. ಕೂಲರಿನ ಅವಶ್ಯಕತೆಯು ಆಗ ಚೆನ್ನಾಗಿ ತಿಳಿಯುತ್ತದೆ. ಈ ಸಾಧನವು ಎಲ್ಲ ವಾಹನಗಳಲ್ಲಿಯೂ ಇಲ್ಲ. ಇದ್ದಲ್ಲಿ ಎರಡು ವಿಧ: ರೇಡಿಯೇಟರಿನ ಬಳಿ ಗಾಳಿಯಿಂದ ತಣಿಯುವುದು ಒಂದು, ಇಂಜಿನಿಗೆ ಹೊಂದಿಕೊಂಡು ರೇಡಿಯೇಟರಿನ ನೀರಿನಿಂದ ತಣಿಯುವುದು ಇನ್ನೊಂದು.

ಗಾಳಿಯ ಕೂಲರಿಗೆ ನಮ್ಮ ಕೆಂಪು ಮುರಕಲ್ಲಿನ ಧೂಳೇ ಶತ್ರು. ಸಂದಿಗಳಲ್ಲಿ ಜಿನುಗಿದ ಎಣ್ಣೆಯೊಡನೆ ಧೂಳು ಕಲೆತು ಗಾರೆಯಂತೆ ಗಟ್ಟಿಯಾಗಿ ಗಾಳಿಯನ್ನು ತಡೆಯುವುದು. ನೀರಿನ ಕೂಲರಿನಲ್ಲಿ ಒಳಗಿನ ತಗಡು ತೂತಾದರೆ, ಇಂಜಿನ್ ಓಡುವಾಗ ಎಣ್ಣೆಯು ನೀರಿಗೆ ನುಗ್ಗಿ ರೇಡಿಯೇಟರಿನಲ್ಲಿ ಕಂದುಬಣ್ಣದ ಜಿಡ್ಡು ತೇಲುವುದು. ಇಂಜಿನ್ ನಿಂತ ಮೇಲೆ ನೀರು ಎಣ್ಣೆಗೆ ಸೇರಿ, ಎಣ್ಣೆಯು ಹಾಲು ಬೆರಸಿದ ಕಾಫಿಯಂತೆ ಕಾಣುವುದು. ಹೆಡ್ ಗ್ಯಾಸ್ಕೆಟ್ ಹೋದಾಗಲೂ ಇದೇ ಗುರುತು ಕಾಣಬಹುದಾದುದರಿಂದ, ಕೂಲರನ್ನು ಬಿಚ್ಚಿ, ಬಾಯಿಗಳನ್ನು ಮುಚ್ಚಿ, ಅಲ್ಪ ಒತ್ತಡದ ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿ ನೋಡತಕ್ಕದ್ದು. ಗುಳ್ಳೆಗಳೆದ್ದರೆ ತೂತಿರುವುದು ನಿಶ್ಚಯ. ಎಣ್ಣೆ ನೀರು ಬೆರೆತ ಜೀಪನ್ನು ಒಂದು ಮೈಲಿಯೂ ಓಡಿಸಬಾರದು.

ತೊಳೆಯುವ ಕ್ರಮವು ಹೀಗೆ. ಇಂಜಿನ್ ಪೂರ್ತಿ ತಣಿದ ಮೇಲೆ ಎಣ್ಣೆಯನ್ನು ಇಳಿಸಿರಿ. ನೀರಿನ ಕೂಲರಾದರೆ ನೀರನ್ನೂ ಇಳಿಸಿರಿ. ಕೊಳವೆಯ ನಟ್ಟನ್ನು ಬಿಚ್ಚುವಾಗ ಕೂಲರಿನ ಬಾಯಿಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿಯತಕ್ಕದ್ದು. ಇಲ್ಲವಾದರೆ ಬಾಯಿಯೇ ತಿರುಚಿ ಹರಿಯುವುದು. ಗಾಳಿಯ ಕೂಲರಿನ ಹೊರಮೈಯನ್ನು ಸೀಮೆ‌ಎಣ್ಣೆ ಹಾಗೂ ಮೆತ್ತನೆಯ ಬ್ರಷಿನಿಂದ ನೆನೆಸಿ ಉಜ್ಜಿ, ಹಿಂಬದಿಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ತಂತಿಯ ಬ್ರಷಾಗಲಿ ರಭಸದ ನೀರಾಗಲಿ ಸಲ್ಲದು. ಅಲ್ಯುಮಿನಿಯಂ ಕೂಲರಿಗೆ ಕಾಸ್ಟಿಕ್ ಸೋಡಾ ತಗುಲಿಸಬಾರದು. ಅದು ಲೋಹವನ್ನೇ ತಿನ್ನುವುದು. ಎಣ್ಣೆಯ ದಾರಿಯಲ್ಲಿ ಸೀಮೆ‌ಎಣ್ಣೆಯನ್ನು ಎಣ್ಣೆ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಹಾಯಿಸಿ, ಸ್ವಚ್ಛವಾಗಿ ಬರುವ ತನಕ ತೊಳೆದು, ಪೂರ್ತಿ ಬಸಿದು ಒಣಗಿಸಿರಿ. ಕಡೆಗೆ ಸ್ವಲ್ಪ ಹೊಸ ಎಣ್ಣೆಯನ್ನು ಹಾಯಿಸಿರಿ. ಈ ಕೆಲಸವನ್ನು ಬೆಂಕಿಯಿಂದ ದೂರ, ಬಯಲಿನಲ್ಲಿ ಮಾಡತಕ್ಕದ್ದು.

ಹಾಗಾದರೆ ಯಾವಾಗ ಬದಲಿಸಬೇಕು? ಧೂಳು, ಜಿಡ್ಡು ಮಾತ್ರವಾದರೆ ತೊಳೆದರೆ ಸಾಕು. ತಗಡು ತುಕ್ಕಿನಿಂದ ತೂತಾಗಿದ್ದರೆ, ಅಥವಾ ಬೇರಿಂಗು ಕೆಟ್ಟು ಎಣ್ಣೆಯಲ್ಲಿ ಲೋಹದ ಚೂರು ಕಂಡಿದ್ದರೆ, ಬದಲಿಸುವುದೇ ವಿಹಿತ. ಸಣ್ಣ ಸಣ್ಣ ದಾರಿಗಳಲ್ಲಿ ಸಿಕ್ಕಿದ ಚೂರುಗಳೆಲ್ಲವೂ ಹೊರಬಂದುವೆಂದು ಎಷ್ಟು ತೊಳೆದರೂ ನಂಬುವಂತಿಲ್ಲ. ಎಣ್ಣೆಯು ಫಿಲ್ಟರನ್ನು ದಾಟಿದ ಮೇಲೆ ಕೂಲರನ್ನು ಸೇರುವ ಇಂಜಿನುಗಳಲ್ಲಿಯಂತೂ, ಆ ಚೂರು ಬೇರಿಂಗಿಗೆ ಹೋಗದಂತೆ ತಡೆಯಲು ಮುಂದೆ ಏನೂ ಇಲ್ಲ. ಗುಜರಿಯಿಂದ ತಂದ ಹಳೆಯ ಕೂಲರಿನಲ್ಲಿಯೂ ಇದೇ ಅಪಾಯವಿದೆ. ಹೋಸುಗಳು ಬಿರಿದಿದ್ದರೆ ಬಿಸಿ ಎಣ್ಣೆಯ ಒತ್ತಡವನ್ನು ತಾಳುವಂತಹವನ್ನೇ ಹಾಕಿಸಿರಿ. ನೀರಿನ ಹೋಸು ಕೆಲಸಕ್ಕೆ ಬಾರದು.

ಮರಳಿ ಕೂರಿಸುವಾಗ ಹೊಸ ವಾಷರು, ಹೊಸ ಫಿಲ್ಟರು, ಹೊಸ ಎಣ್ಣೆಯನ್ನು ಹಾಕಿಸಿರಿ. ಇಳಿಸಿದ ನೀರನ್ನೂ ತುಂಬಿಸಿರಿ. ಡೀಸೆಲ್ ಇಂಜಿನಾದರೆ ಮೊದಲು ಡೀಸೆಲನ್ನು ತಡೆದು, ಎಣ್ಣೆಯ ಒತ್ತಡವು ಕಾಣುವ ತನಕ ಬಿಟ್ಟು ಬಿಟ್ಟು ಸ್ಟಾರ್ಟರಿನಿಂದ ತಿರುಗಿಸಿರಿ. ಬಳಿಕ ನಿಧಾನವಾಗಿ ಓಡಿಸಿ, ಸಂದಿಗಳಲ್ಲಿ ಜಿನುಗುವುದೇ ಎಂದು ನೋಡಿ, ನಿಲ್ಲಿಸಿ, ಮಟ್ಟವನ್ನು ಇನ್ನೊಮ್ಮೆ ಪರೀಕ್ಷಿಸಿರಿ. ಬರಿದಾಗಿದ್ದ ಕೂಲರು ಕೊಂಚ ಎಣ್ಣೆಯನ್ನು ಕುಡಿದಿರುವುದು. ಇಳಿಸಿದ ಎಣ್ಣೆಯನ್ನು ತೋಟಕ್ಕಾಗಲಿ ಹೊಳೆಗಾಗಲಿ ಚೆಲ್ಲದೆ ಡಬ್ಬಿಯಲ್ಲಿ ಶೇಖರಿಸಿ, ಹಳೆ ಎಣ್ಣೆ ಕೊಳ್ಳುವ ಅಧಿಕೃತರಿಗೆ ಕೊಡಿರಿ.

ಈ ಕೆಲಸಕ್ಕೆ ಏಪ್ರಿಲ್ ತಿಂಗಳು ತಕ್ಕ ಕಾಲ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತನ್ನು ಕೊಂಡಿಡುವ ಭೂಮಾಲಿಕರು ಆ ದಿನವೇ ಜೀಪಿನ ಕೂಲರನ್ನೂ ಪರೀಕ್ಷಿಸಬೇಕಾಗಿಯೂ, ಊರಿನ ಮುಖ್ಯಸ್ಥರು ನೆರೆಹೊರೆಯವರಿಗೆ ಇದನ್ನು ತಿಳಿಯಪಡಿಸಬೇಕಾಗಿಯೂ ಪ್ರಾರ್ಥಿಸುತ್ತೇನೆ.