ಚಾವಣಿಯ ಕಪ್ಪು ಎಲ್ಲಿಂದ ಬಂತು?

ಕಬ್ಬು ಅರೆಯುವ ಕಾಲ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ತಾರಸಿಯ ಮೇಲೆ ಬಟ್ಟೆ ಒಣಹಾಕುವವರು ಮೊದಲು ಗಾಳಿ ಯಾವ ಕಡೆಯದೆಂದು ನೋಡುತ್ತಾರೆ. ಆಲೆಮನೆಯ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲು, ಸಕ್ಕರೆ ಕಾರ್ಖಾನೆಯ ಬಾಯ್ಲರಿಗೂ ಅದೇ. ಹಾರಿ ಬರುವ ಮಸಿ ಬಟ್ಟೆಯ ಮೇಲೆ ಬಿದ್ದರೆ ಉಜ್ಜಿದಷ್ಟೂ ಹರಡುತ್ತದೆ. ಹಾಗಾಗಿ ಗೋದಾಮು, ಅಕ್ಕಿ ಗಿರಣಿ, ಕಲ್ಯಾಣಮಂಟಪಗಳ ಚಾವಣಿ ಕಪ್ಪಾದರೆ ಎಲ್ಲರೂ ಚಿಮಣಿಯನ್ನೇ ದೂರುತ್ತಾರೆ. ಆದರೆ ಅರೆಯುವಿಕೆ ನಿಂತು, ಮಳೆಗಾಲ ಕಳೆದ ಮೇಲೂ ಕೆಲವು ಚಾವಣಿಗಳ ಕಪ್ಪು ಇನ್ನಷ್ಟು ದಟ್ಟವಾಗುತ್ತದೆ. ಹೊಗೆಯಿಂದ ಬಂದದ್ದಾದರೆ ಮಳೆಗೆ ತೊಳೆದುಹೋಗಬೇಕಿತ್ತಲ್ಲ?

ಇಂಥದೇ ತಕರಾರು ಫ್ರಾನ್ಸಿನ ಕೊನ್ಯಾಕ್ ಪಟ್ಟಣದಲ್ಲಿತ್ತು. ಬ್ರಾಂದಿ ಪೀಪಾಯಿಗಳನ್ನು ವರ್ಷಗಟ್ಟಲೆ ಇಡುವ ಉಗ್ರಾಣಗಳ ಹೆಂಚು, ಗೋಡೆ, ಸುತ್ತಲಿನ ಮರ ಎಲ್ಲವೂ ಕಾಡಿಗೆ ಬಳಿದಂತಿದ್ದವು. 1872ರಲ್ಲಿ ಔಷಧಶಾಸ್ತ್ರಜ್ಞ ಆಂಟೊನ್ಯಾ ಬೊದ್ವ್ಯಾ ಈ ಕಪ್ಪನ್ನು ಗಮನಿಸಿ ಬರೆದರು. 1881ರಲ್ಲಿ ಅದಕ್ಕೆ ಶಿಲೀಂಧ್ರವೆಂದು ಹೆಸರೂ ಬಿತ್ತು, ಆದರೆ ಸೇರಿಸಿದ ಕುಲ ಸರಿಯಾದುದಲ್ಲ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಹೆಚ್ಚಾಗಿ ಯಾರೂ ಕೆದಕಲಿಲ್ಲ.

2001ರ ಹೊತ್ತಿಗೆ ಕೆನಡಾದ ಒಂಟಾರಿಯೊದಲ್ಲಿ ವಿಸ್ಕಿ ಉಗ್ರಾಣಗಳ ಸುತ್ತಮುತ್ತ ಅದೇ ಕಪ್ಪು ಹಬ್ಬಿ, ಟೊರಾಂಟೊದ ಶಿಲೀಂಧ್ರ ತಜ್ಞ ಜೇಮ್ಸ್ ಸ್ಕಾಟ್‌ಗೆ ಕರೆ ಹೋಯಿತು. ಸೂಕ್ಷ್ಮದರ್ಶಕದಡಿ ದಪ್ಪ ಗೋಡೆಯ ಕಂದು ಕೋಶಗಳು ಸರಪಳಿಯಾಗಿ ಕಂಡವು. ಅದು ಮಸಿಯಲ್ಲ, ಜೀವ. ಪ್ರಯೋಗಾಲಯದಲ್ಲಿ ಬೆಳೆಸಲು ಹೋದರೆ ಮಾತ್ರ ಬೆಳವಣಿಗೆ ತೀರಾ ನಿಧಾನ. ಆಗ ಸ್ಕಾಟ್ ಮಾಡಿದ್ದು ನನಗೆ ಬಲು ಇಷ್ಟವಾದ ಕೆಲಸ: ಪೋಷಕ ದ್ರವಕ್ಕೆ ಒಂದಿಷ್ಟು ವಿಸ್ಕಿ ಬೆರೆಸಿದರು. ಶಿಲೀಂಧ್ರ ಚುರುಕಾಯಿತು! ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗಿ ಹೋಗುವ ಮದ್ಯಸಾರವೇ ಅದಕ್ಕೆ ಅನುಕೂಲ. 2007ರಲ್ಲಿ ಸ್ಕಾಟ್ ಮತ್ತು ಸಂಗಡಿಗರು ಹೊಸ ಕುಲವನ್ನೇ ಹುಟ್ಟುಹಾಕಿ, ಬೊದ್ವ್ಯಾ ನೆನಪಿಗೆ ‘ಬೊಡೊಯಿನಿಯಾ’ ಎಂದು ಕರೆದರು.

ನಮ್ಮ ಊರುಗಳ ಮಾಮೂಲಿ ಕಪ್ಪಿಗೆ ಮದ್ಯಸಾರ ಬೇಕಿಲ್ಲ. ಹೊಸ ಕಾಂಕ್ರೀಟಿನ ಮೈಯಲ್ಲಿ ಸುಣ್ಣದ ಕ್ಷಾರ ಜೋರಾಗಿರುವುದರಿಂದ ಪಾಚಿ ಹತ್ತುವುದಿಲ್ಲ. ಗಾಳಿ ಮಳೆ ತಾಗಿ ಕ್ಷಾರ ಇಳಿದ ಮೇಲೆ, ನೀರು ನಿಲ್ಲುವ ಕಡೆ ನೀಲಿ-ಹಸಿರು ಪಾಚಿ ಬೇರೂರುತ್ತದೆ. ಬಿಸಿಲಿನಿಂದ ಕಾಪಾಡಿಕೊಳ್ಳಲು ತನ್ನ ಸುತ್ತ ಕಪ್ಪು ಬಣ್ಣದ ಪೊರೆ ಕಟ್ಟಿಕೊಳ್ಳುತ್ತದೆ, ಅದಕ್ಕೇ ಒಣಗಿದಾಗ ಮಸಿಯಂತೆ ಕಾಣುವುದು.

ಮಸಿ ಯಾವುದು, ಪಾಚಿ ಯಾವುದು ಎಂದು ತಿಳಿಯುವ ದಾರಿ ಸುಲಭ. ಬೆರಳಿನಿಂದ ಉಜ್ಜಿದರೆ ಮಸಿ ಕೈಗೆ ಬರುತ್ತದೆ. ಬ್ಲೀಚಿಂಗ್ ಪೌಡರ್ ಕದಡಿದ ನೀರನ್ನು ಮೂಲೆಯಲ್ಲಿ ನಾಲ್ಕು ಹನಿ ಹಾಕಿ ನೋಡಿದರೆ, ಪಾಚಿ ಬೂಷ್ಟಿನ ಕಪ್ಪು ಕೆಲವೇ ನಿಮಿಷದಲ್ಲಿ ಮಾಸುತ್ತದೆ, ಮಸಿ ಮಿಸುಕುವುದಿಲ್ಲ. ಕೈಗವಸು ಹಾಕಿಕೊಳ್ಳಿ. ಕಬ್ಬಿಣದ ತುಕ್ಕಿನ ಕಂದು ಗೆರೆ ಬೋಲ್ಟಿನ ಬುಡದಿಂದ ಇಳಿದಿರುತ್ತದೆ, ಅದಕ್ಕೆ ಪರೀಕ್ಷೆಯೇ ಬೇಡ. ಇದಿಷ್ಟೂ ನೋಡದೆ ಬಣ್ಣ ಬಳಿದರೆ ಪಾಚಿ ಅದರಡಿಯಿಂದಲೇ ಮತ್ತೆ ಏಳುತ್ತದೆ, ದುಡ್ಡು ಮಳೆಗೆ ಹೋಗುತ್ತದೆ.

ಮಂಡ್ಯಕ್ಕೂ ಟೊರಾಂಟೊಗೂ ಇನ್ನೊಂದು ನಂಟಿದೆ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಹುಟ್ಟಲು ದುಡಿದ ಲೆಸ್ಲಿ ಕೋಲ್‌ಮನ್ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದೂ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿಯನ್ನು ಕಂಡು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣ ಸಿಂಪಡಿಸಲು ಕಲಿಸಿದರು. ತಾಮ್ರ ಅಲ್ಲಿ ರೋಗಕಾರಕವನ್ನು ತಡೆಯಿತು. ಚಾವಣಿಯಲ್ಲೂ ತಾಮ್ರ, ಸತುವಿನದು ಅದೇ ಕೆಲಸ: ಜಿಂಕ್ ಶೀಟಿನ ತಲೆಪಟ್ಟಿಯಿಂದ ಮಳೆನೀರು ಹರಿದ ಜಾಗದಲ್ಲಿ ಪಾಚಿ ಹತ್ತದೆ, ಕೆಳಗಿನ ಸಿಮೆಂಟ್ ಶೀಟು ಪಟ್ಟೆಪಟ್ಟೆಯಾಗಿ ಬೆಳ್ಳಗೆ ಉಳಿಯುತ್ತದೆ. ಈ ಗೆರೆಗಳಿದ್ದರೆ ಚಿಮಣಿಯನ್ನು ದೂರುವುದನ್ನು ನಿಲ್ಲಿಸಿ, ನೀರು ಎಲ್ಲಿ ನಿಲ್ಲುತ್ತಿದೆ ಎಂದು ಹುಡುಕಬಹುದು.