ಚಂದ್ರನನ್ನು ಮುಟ್ಟದೆ ಮರಳಿದವರು

ಯುಗಯುಗಗಳಿಂದ ಚಂದ್ರನನ್ನು ದೂರದಿಂದಲೇ ಕಂಡು ಬೆರಗಾಗಿದ್ದ ಮಾನವನು 1969ರ ಜುಲೈ ತಿಂಗಳಿನಲ್ಲಿ ಅದರ ನೆಲದ ಮೇಲೆ ಹೆಜ್ಜೆಯಿರಿಸಿದನು. ಅಮೆರಿಕದ ಅಪೊಲೊ ಯೋಜನೆಯ ಆರು ಯಾತ್ರೆಗಳಲ್ಲಿ, 1972ರ ಡಿಸೆಂಬರ್ ವೇಳೆಗೆ, ಹನ್ನೆರಡು ಮಂದಿ ಅಲ್ಲಿ ನಡೆದಾಡಿದರು. ಆದರೆ ಚಂದ್ರನ ಮೇಲೆ ಇಳಿಯದೆಯೇ ಹಿಂದಿರುಗಿದ ಅಪೊಲೊ-13ರ ಯಾತ್ರೆಯು ಇವೆಲ್ಲಕ್ಕಿಂತ ಭಿನ್ನವಾದ ಪಾಠವನ್ನು ಕಲಿಸಿತು.

1970ರ ಏಪ್ರಿಲ್ 11ರಂದು ಜೇಮ್ಸ್ ಲವೆಲ್, ಜಾನ್ ಸ್ವೈಗರ್ಟ್ ಮತ್ತು ಫ್ರೆಡ್ ಹೇಸ್ ಎಂಬ ಮೂವರು ಗಗನಯಾತ್ರಿಗಳು ಭೂಮಿಯಿಂದ ಹೊರಟರು. ಅವರ ನೌಕೆಯಲ್ಲಿ ಮೂರು ಭಾಗಗಳಿದ್ದವು: ಯಾತ್ರಿಗಳು ಇರುವ ಮುಖ್ಯ ಕೋಶ, ಅದಕ್ಕೆ ವಿದ್ಯುತ್ತನ್ನೂ ಆಮ್ಲಜನಕವನ್ನೂ ಒದಗಿಸುವ ಸೇವಾ ಕೋಶ, ಚಂದ್ರನ ಮೇಲೆ ಇಳಿಯುವುದಕ್ಕಾಗಿ ಚಂದ್ರ ಕೋಶ. ಎರಡು ದಿನಗಳ ತರುವಾಯ, ಭೂಮಿಯಿಂದ ಸುಮಾರು 3,20,000 ಕಿಲೋಮೀಟರ್ ದೂರದಲ್ಲಿ, ಸೇವಾ ಕೋಶದ ಆಮ್ಲಜನಕದ ಟ್ಯಾಂಕೊಂದು ಸಿಡಿಯಿತು. ಕೆಲವೇ ಗಂಟೆಗಳಲ್ಲಿ ಮುಖ್ಯ ಕೋಶಕ್ಕೆ ವಿದ್ಯುತ್ತಿನ ಪೂರೈಕೆ ನಿಂತುಹೋಯಿತು. ಚಂದ್ರನ ಮೇಲೆ ಇಳಿಯುವ ಮಾತು ಅಲ್ಲಿಗೆ ಮುಗಿಯಿತು; ಜೀವಸಹಿತ ಮರಳುವುದೇ ಗುರಿಯಾಯಿತು.

ಮೂವರೂ ಚಂದ್ರ ಕೋಶವನ್ನು ಆಶ್ರಯಿಸಿದರು. ಇಬ್ಬರು ಸುಮಾರು ಎರಡು ದಿನ ಇರುವುದಕ್ಕೆಂದು ರಚಿತವಾದ ಅದು ಮೂವರನ್ನು ಸುಮಾರು ನಾಲ್ಕು ದಿನ ಕಾಪಾಡಬೇಕಾಗಿತ್ತು. ಚಂದ್ರನ ಹಿಂಬದಿಯನ್ನು ಬಳಸಿ, ಅದರ ಗುರುತ್ವಾಕರ್ಷಣೆಯ ನೆರವಿನಿಂದ ಭೂಮಿಯ ಕಡೆಗೆ ತಿರುಗುವ ಮಾರ್ಗವನ್ನು ಅವರು ಹಿಡಿದರು. ವಿದ್ಯುತ್ತನ್ನು ಉಳಿಸಲು ಉಪಕರಣಗಳನ್ನು ಆರಿಸಿದುದರಿಂದ ಒಳಗೆಲ್ಲ ಕೊರೆಯುವ ಚಳಿ ಆವರಿಸಿತು. ಕುಡಿಯುವ ನೀರನ್ನೂ ಅಳೆದು ಕುಡಿಯಬೇಕಾಯಿತು.

ಅಷ್ಟರಲ್ಲಿ ಮತ್ತೊಂದು ಗಂಡಾಂತರ ಎದುರಾಯಿತು. ಉಸಿರಿನಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಕೋಶದಲ್ಲಿ ಹೆಚ್ಚತೊಡಗಿತು. ಅದನ್ನು ಹೀರಿಕೊಳ್ಳುವ ಲಿಥಿಯಂ ಹೈಡ್ರಾಕ್ಸೈಡಿನ ಡಬ್ಬಿಗಳು ಮುಖ್ಯ ಕೋಶದಲ್ಲೇನೋ ಇದ್ದವು. ಆದರೆ ಅವು ಚೌಕನೆಯವು. ಚಂದ್ರ ಕೋಶದಲ್ಲಿ ಅವುಗಳಿಗಾಗಿ ಇದ್ದ ಕಿಂಡಿ ದುಂಡನೆಯದು. ಆಗ ಹ್ಯೂಸ್ಟನ್ ನಗರದ ತಂತ್ರಜ್ಞರು, ನೌಕೆಯಲ್ಲಿ ದೊರೆಯುವಂಥ ಪ್ಲಾಸ್ಟಿಕ್ ಚೀಲ, ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿಗಳಿಂದಲೇ ಒಂದು ಸಾಧನವನ್ನು ತಾವು ಮೊದಲು ಮಾಡಿ ನೋಡಿದರು. ಬಳಿಕ ಅದರ ಕ್ರಮವನ್ನು ರೇಡಿಯೊ ಮೂಲಕ ಹಂತಹಂತವಾಗಿ ತಿಳಿಸಿದರು. ಯಾತ್ರಿಗಳು ಅಂತೆಯೇ ಮಾಡಲು ಗಾಳಿಯು ಶುದ್ಧವಾಗತೊಡಗಿತು. ಏಪ್ರಿಲ್ 17ರಂದು ಮೂವರೂ ಪೆಸಿಫಿಕ್ ಸಾಗರದಲ್ಲಿ ಕ್ಷೇಮವಾಗಿ ಇಳಿದರು.

ಅಪಘಾತದ ಕಾರಣವು ತನಿಖೆಯಿಂದ ತಿಳಿದುಬಂದಿತು. ಟ್ಯಾಂಕಿನ ಕಾವನ್ನು ಹತೋಟಿಯಲ್ಲಿಡುವ ಸ್ವಿಚ್ಚು 28 ವೋಲ್ಟಿಗೆ ತಕ್ಕದ್ದಾಗಿತ್ತು. ಉಡಾವಣೆಗೆ ಮುನ್ನ ನಡೆದ ಪರೀಕ್ಷೆಯಲ್ಲಿ 65 ವೋಲ್ಟಿನ ವಿದ್ಯುತ್ತು ಅದರ ಮೂಲಕ ಹರಿದಿತ್ತು. ಸ್ವಿಚ್ಚು ಕೆಟ್ಟು ಕಾವು ಮಿತಿಮೀರಿ, ಒಳಗಿನ ತಂತಿಗಳ ಹೊದಿಕೆ ಹಾಳಾಗಿತ್ತು. ಬದಲಾಯಿಸಬೇಕಾಗಿದ್ದ ಆ ಪುಟ್ಟ ಸ್ವಿಚ್ಚು ಯಾರ ಗಮನಕ್ಕೂ ಬಂದಿರಲಿಲ್ಲ.

ಅಲ್ಪವೆನಿಸುವ ಒಂದು ಅಲಕ್ಷ್ಯವು ಮೂವರನ್ನು ಸಾವಿನ ಬಾಗಿಲಿಗೆ ಒಯ್ದಿತು. ರಟ್ಟು ಚೀಲಗಳಿಂದಾದ ಅಲ್ಪ ಸಾಧನವೊಂದು ಅವರ ಉಸಿರನ್ನು ಉಳಿಸಿತು. ವಿಜ್ಞಾನದಲ್ಲಿ ಚಿಕ್ಕದೆಂಬುದು ಯಾವುದೂ ಇಲ್ಲ.